ಹವಳದ ದಿಬ್ಬಗಳ ಬಗ್ಗೆ ಕರಾವಳಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಸುತ್ತಲಿನ ಶಾಲೆ ಕಾಲೇಜುಗಳಲ್ಲಿ ಕಡಲ ಜೀವಿಗಳ ಕುರಿತು ಮಾತನಾಡಿ ವೇದಿಕೆಯಿಂದ ಕೆಳಗಿಳಿದ ಮೇಲೆ ಮಕ್ಕಳು ಕೇಳಿದ, ಮಲ್ಪೆಯ ದಕ್ಕೆಯಲ್ಲಿ ಬೋಟಿನವರು ಕೇಳಿದ, ಲಕ್ಷದ್ವೀಪ ನೋಡಿಕೊಂಡು ಬಂದವರು ಪತ್ರ ಬರೆದು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಸುಲಭದವು ಮೊದಲು, ಜಟಿಲವಾದವು ಕೊನೆಗೆ ಇವೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲ ಪರಿಚಯ

ಹವಳ ಅಂದರೆ ಕಲ್ಲೋ, ಗಿಡವೋ, ಪ್ರಾಣಿಯೋ? ಒಂದೊಂದು ಕಡೆ ಒಂದೊಂದು ಓದಿದ್ದೇನೆ.

ಹವಳವು ಪ್ರಾಣಿ. ಆದರೆ ಉಳಿದ ಎರಡನ್ನು ಬರೆದವರಿಗೂ ಕಾರಣಗಳಿದ್ದವು. ಪಾಲಿಪ್ ಎಂಬ ಈ ಪುಟ್ಟ ಜೀವಿ ಅಂಬಲಿ ಮೀನು ಮತ್ತು ಕಡಲ ಹೂವುಗಳ ವಂಶಕ್ಕೆ ಸೇರಿದ್ದು. ಮೆತ್ತನೆಯ ಚೀಲದಂಥ ಮೈ, ತುದಿಯಲ್ಲೊಂದು ಬಾಯಿ, ಬಾಯಿಯ ಸುತ್ತ ಕುಟುಕುವ ಎಳೆಗಳು, ಇಷ್ಟೇ ಅದರ ದೇಹ. ಹೆಚ್ಚಿನ ಜಾತಿಗಳಲ್ಲಿ ಒಂದೊಂದು ಪಾಲಿಪ್ಪಿನ ಅಗಲ ಕೆಲವೇ ಮಿಲಿಮೀಟರ್. ಇಂಥ ಸಾವಿರಾರು ಪಾಲಿಪ್‌ಗಳು ಒಂದಕ್ಕೊಂದು ಅಂಟಿಕೊಂಡು ಬದುಕುತ್ತ, ತಮ್ಮ ಬುಡಕ್ಕೆ ಸುಣ್ಣದ ಗೂಡು ಕಟ್ಟಿಕೊಳ್ಳುತ್ತವೆ. ಅದು ಕಲ್ಲಿನ ಭಾಗ. ಅವುಗಳ ಅಂಗಾಂಶದೊಳಗೆ ಸೂಕ್ಷ್ಮ ಪಾಚಿಗಳು ವಾಸವಾಗಿದ್ದು, ಬಿಸಿಲಿನಿಂದ ಆಹಾರ ತಯಾರಿಸಿ ಅದರ ಹೆಚ್ಚಿನ ಪಾಲನ್ನು ಹವಳಕ್ಕೇ ಒಪ್ಪಿಸುತ್ತವೆ. ಅದು ಗಿಡದ ಭಾಗ.

ಹವಳದ ನೆಂಟರನ್ನು ನೋಡಲು ದೂರ ಹೋಗಬೇಕಿಲ್ಲ. ಕಾಪು ದೀಪಸ್ತಂಭದ ಬುಡದ ಬಂಡೆಗಳ ನಡುವೆ, ಇಳಿತದ ಹೊತ್ತಿನಲ್ಲಿ ನೀರು ನಿಲ್ಲುವ ಹೊಂಡಗಳ ಪಕ್ಕ ಸ್ವಲ್ಪ ಹೊತ್ತು ಕುಳಿತರೆ ಕಡಲ ಹೂವು ಕಣ್ಣಿಗೆ ಬೀಳುತ್ತದೆ. ಅದರ ಎಸಳಿಗೆ ಒಂದು ಹುಲ್ಲುಕಡ್ಡಿ ತಾಗಿಸಿದರೆ ಸಾಕು, ಎಲ್ಲ ಎಸಳುಗಳೂ ಒಮ್ಮೆಲೇ ಒಳಕ್ಕೆ ಮಡಚಿಕೊಂಡು, ಹೂವಿದ್ದ ಜಾಗದಲ್ಲಿ ಮರಳು ಮೆತ್ತಿದ ಒಂದು ಉಂಡೆ ಉಳಿಯುತ್ತದೆ. ಇದೇ ಜೀವಿ ಬುಡದಲ್ಲಿ ಸುಣ್ಣ ಕಟ್ಟುವುದನ್ನು ಕಲಿತಿದೆ ಎಂದು ಊಹಿಸಿಕೊಂಡರೆ ಹವಳದ ಚಿತ್ರ ಸಿಗುತ್ತದೆ.

ಅಷ್ಟು ಸಣ್ಣ ಜೀವಿ ಅಷ್ಟು ದೊಡ್ಡ ದಿಬ್ಬ ಹೇಗೆ ಕಟ್ಟುತ್ತದೆ?

ಕಾಲ ಹಿಡಿದು ಕಟ್ಟುತ್ತದೆ. ನಾವು ತಿಂದು ಎಸೆಯುವ ಮರುವಾಯಿಯ ಚಿಪ್ಪು ಯಾವ ವಸ್ತುವಿನದೋ ಹವಳದ ಗೂಡೂ ಅದೇ ವಸ್ತುವಿನದು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಚಿಪ್ಪು ಸುಟ್ಟ ಸುಣ್ಣದಿಂದ ಗೋಡೆಗೆ ಬಳಿದ ತಲೆಮಾರಿನವರಿಗೆ ಇದನ್ನು ವಿವರಿಸುವುದು ಸುಲಭ. ಗುಂಡುಬಂಡೆಯಂತೆ ಬೆಳೆಯುವ ಹವಳ ವರ್ಷಕ್ಕೆ ಅರ್ಧದಿಂದ ಎರಡು ಸೆಂಟಿಮೀಟರಿನಷ್ಟು, ಕೊಂಬೆ ಕೊಂಬೆಯಾಗಿ ಬೆಳೆಯುವ ಜಾತಿಗಳು ಹತ್ತು ಸೆಂಟಿಮೀಟರಿನವರೆಗೆ ಬೆಳೆಯುತ್ತವೆ. ಸತ್ತವುಗಳ ಗೂಡಿನ ಮೇಲೆ ಹೊಸವು ಕಟ್ಟುತ್ತ ಹೋಗುತ್ತವೆ. ಜೀವವಿರುವುದು ಮೇಲಿನ ತೆಳುಪದರದಲ್ಲಿ ಮಾತ್ರ. ಸುಮಾರು 2,300 ಕಿಲೋಮೀಟರ್ ಉದ್ದಕ್ಕೆ ಹಬ್ಬಿರುವ ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್ ಕೂಡ ಇದೇ ಲೆಕ್ಕದಲ್ಲಿ ಕಟ್ಟಿದ್ದು.

ನಮ್ಮ ಅಜ್ಜಿಯ ಸರದಲ್ಲಿರುವ ಕೆಂಪು ಹವಳವೂ ಇದೇ ತಾನೇ?

ಅಲ್ಲ. ಕರಿಮಣಿಯ ನಡುವೆ ಪೋಣಿಸುವ, ಕುಜನ ರತ್ನವೆಂದು ಉಂಗುರಕ್ಕೆ ಕೂರಿಸುವ ಕೆಂಪು ಹವಳ ಬೇರೆ ಗುಂಪಿನದು. ಅದು ಮುಖ್ಯವಾಗಿ ಮೆಡಿಟರೇನಿಯನ್ ಸಮುದ್ರದ್ದು. ಬೆಳಕು ಕಡಿಮೆಯಿರುವ ತಂಪು ನೀರಿನಲ್ಲಿ ಅದು ಬೆಳೆಯುತ್ತದೆ, ಅದರೊಳಗೆ ಪಾಚಿ ಇರುವುದಿಲ್ಲ, ಅದು ದಿಬ್ಬ ಕಟ್ಟುವುದೂ ಇಲ್ಲ. ಅದರ ಕಾಂಡ ವರ್ಷಕ್ಕೆ ಒಂದು ಮಿಲಿಮೀಟರಿನಷ್ಟೂ ದಪ್ಪವಾಗುವುದಿಲ್ಲ, ಹೀಗಾಗಿ ಒಂದು ಒಳ್ಳೆಯ ಮಣಿಯ ಹಿಂದೆ ಹಲವು ದಶಕಗಳ ಬೆಳವಣಿಗೆ ಇರುತ್ತದೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರಿರುವುದರಿಂದ ಈ ಗೊಂದಲ ಹುಟ್ಟಿದೆ. ಈ ಪುಟದಲ್ಲಿ ಹವಳ ಎಂದಾಗಲೆಲ್ಲ ದಿಬ್ಬ ಕಟ್ಟುವ ಹವಳ ಎಂದೇ ಓದಿಕೊಳ್ಳಬೇಕು.

## ನಮ್ಮ ಕಡಲಿನ ವಿಚಾರ

ಲಕ್ಷದ್ವೀಪದಲ್ಲಿ ಇರುವ ಹವಳ ಪಣಂಬೂರಿನಲ್ಲಿ ಯಾಕಿಲ್ಲ? ಕಡಲು ಒಂದೇ ಅಲ್ಲವೇ?

ನನಗೆ ಅತಿ ಹೆಚ್ಚು ಬಾರಿ ಎದುರಾದ ಪ್ರಶ್ನೆ ಇದು. ಕಡಲು ಒಂದೇ, ನೀರು ಬೇರೆ. ದಿಬ್ಬ ಕಟ್ಟುವ ಹವಳ ಬಹಳ ಬಿಗುಮಾನದ ಜೀವಿ. ಅದಕ್ಕೆ 23ರಿಂದ 29 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬೆಚ್ಚಗಿನ ನೀರು ಬೇಕು, ಒಂದು ಲೀಟರಿಗೆ ಸುಮಾರು 32 ಗ್ರಾಂಗಿಂತ ಕಡಿಮೆಯಾಗದ ಉಪ್ಪು ಬೇಕು, ಒಳಗಿನ ಪಾಚಿಗೆ ಬಿಸಿಲು ತಲುಪುವಷ್ಟು ತಿಳಿ ಬೇಕು, ಲಾರ್ವ, ಅಂದರೆ ನೀರಿನಲ್ಲಿ ತೇಲುವ ಹವಳದ ಮರಿ, ಕೂರುವುದಕ್ಕೆ ಗಟ್ಟಿ ನೆಲ ಬೇಕು. ಇವುಗಳಲ್ಲಿ ಬಿಸಿಯೊಂದನ್ನು ಬಿಟ್ಟರೆ ಉಳಿದ ಎಲ್ಲದರಲ್ಲೂ ನಮ್ಮ ದಡದ ನೀರು ಅದಕ್ಕೆ ಒಗ್ಗುವುದಿಲ್ಲ.

ಜುಲೈ ತಿಂಗಳಲ್ಲಿ ಉಳ್ಳಾಲದ ಕಡೆಯಿಂದ ಅಳಿವೆಬಾಗಿಲನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಿಲ್ಲೆಗಳು ನಮ್ಮವು, ಅದರಲ್ಲಿ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ ಬೀಳುತ್ತದೆ. ನೇತ್ರಾವತಿ, ಫಲ್ಗುಣಿ, ಶಾಂಭವಿ, ಸ್ವರ್ಣಾ, ಸೀತಾ ನದಿಗಳು ಘಟ್ಟದ ಮಣ್ಣನ್ನು ಹೊತ್ತು ತಂದು ಕಡಲಿಗೆ ಸುರಿಯುತ್ತವೆ. ದಡದ ನೀರು ಕದಡಿದ ಚಹಾದ ಬಣ್ಣಕ್ಕೆ ತಿರುಗುತ್ತದೆ, ಉಪ್ಪು ಇಳಿಯುತ್ತದೆ, ನೀರಿನಲ್ಲಿ ತೇಲುವ ಕೆಸರು ಪಾಲಿಪ್‌ಗಳ ಮೇಲೆ ಕುಳಿತು ಉಸಿರುಗಟ್ಟಿಸುತ್ತದೆ. ಅದೇ ತಿಂಗಳುಗಳಲ್ಲಿ ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಕರಾವಳಿಯ ಉದ್ದಕ್ಕೂ ಮೇಲಕ್ಕೆ ಬರುತ್ತದೆ. ಅದರಿಂದ ಸೂಕ್ಷ್ಮ ಸಸ್ಯಗಳು ಹೇರಳವಾಗಿ ಬೆಳೆದು ನೀರು ಹಸುರಾಗುತ್ತದೆ. ಬೂತಾಯಿ, ಬಂಗುಡೆಗಳಿಗೆ ಅದು ಹಬ್ಬದೂಟ, ಹವಳಕ್ಕೆ ಮಾತ್ರ ಕತ್ತಲೆ. ಲಕ್ಷದ್ವೀಪದಲ್ಲಿ ನದಿಯೇ ಇಲ್ಲ, ಆದ್ದರಿಂದ ಮಣ್ಣೂ ಇಲ್ಲ.

ನಮ್ಮ ಕಡಲು ನೀಲಿಯಾಗಿಲ್ಲ ಎಂದು ಪ್ರವಾಸ ಮುಗಿಸಿ ಬಂದವರು ಬೇಸರ ಮಾಡಿಕೊಳ್ಳುವುದನ್ನು ಕೇಳಿದ್ದೇನೆ. ಅದು ಕೊಳಕಿನಿಂದಲೇ ಆದದ್ದು ಎಂದು ತಿಳಿಯಬೇಕಾಗಿಲ್ಲ. ಹಸುರು ನೀರಿನ ದಡದಲ್ಲಿ ಹುಟ್ಟಿದ್ದರಿಂದಲೇ ನಮಗೆ ಅಷ್ಟು ಮೀನು ಸಿಕ್ಕಿದೆ.

ಸೇಂಟ್ ಮೇರಿಸ್ ದ್ವೀಪ ಹವಳದ ದ್ವೀಪ ಎಂದು ಗೈಡ್ ಹೇಳಿದರು. ಹೌದಾ?

ಅಲ್ಲ. ಮಲ್ಪೆಯ ಎದುರಿನ ಈ ದ್ವೀಪಗಳು, ಅಂದರೆ ಹಳಬರು ತೋನ್ಸೆಪಾರ್ ಎನ್ನುವ ಜಾಗ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದ ಲಾವಾ ತಣ್ಣಗಾಗಿ ಆದವು. ಆರುಮೂಲೆಯ ಕಂಬಗಳಂತೆ ಕಾಣುವ ಬಂಡೆಗಳು ಆ ಲಾವಾ ಕುಗ್ಗುವಾಗ ಬಿಟ್ಟ ಬಿರುಕುಗಳಿಂದ ರೂಪುಗೊಂಡವು. ಅಲ್ಲಿ ಕಾಲಿಗೆ ಚುಚ್ಚುವ ಬಿಳಿಯ ಚೂರುಗಳು ಹೆಚ್ಚಾಗಿ ಚಿಪ್ಪುಗಳು.

ಹಾಗಾದರೆ ಕರ್ನಾಟಕದಲ್ಲಿ ಹವಳವೇ ಇಲ್ಲವೇ?

ಇದೆ, ನದಿಗಳ ಕೈಗೆ ಸಿಗದಷ್ಟು ದೂರದಲ್ಲಿದೆ. ಮುರುಡೇಶ್ವರದಿಂದ ಸುಮಾರು 10 ನಾಟಿಕಲ್ ಮೈಲಿ ದೂರದ ನೇತ್ರಾಣಿ ದ್ವೀಪದ ಸುತ್ತ ಮುಳುಗಿದ ಬಂಡೆಗಳ ಮೇಲೆ ಹವಳ ಬೆಳೆದಿದೆ. ಅದನ್ನು ದಿಬ್ಬ ಎನ್ನುವುದಕ್ಕಿಂತ ಬಂಡೆಯ ಮೇಲಿನ ಹವಳದ ತೋಟ ಎನ್ನುವುದು ಹೆಚ್ಚು ಸರಿ, ಏಕೆಂದರೆ ಅಲ್ಲಿಯ ಬುನಾದಿಯನ್ನು ಹವಳ ಕಟ್ಟಿಲ್ಲ.

ಇನ್ನೊಂದರ ಹೆಸರು ಉಡುಪಿಯವರಿಗೇ ಹೆಚ್ಚು ಗೊತ್ತಿಲ್ಲ. ಮಲ್ಪೆಯಿಂದ ಪಶ್ಚಿಮಕ್ಕೆ ಸುಮಾರು 100 ಕಿಲೋಮೀಟರ್ ಹೋದರೆ ಕಡಲ ತಳದಲ್ಲಿ ಗವೇಷಣಿ ಬ್ಯಾಂಕ್ ಎಂಬ ಮುಳುಗಿದ ದಿಬ್ಬವಿದೆ. ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಸಂಶೋಧನಾ ಹಡಗು ಗವೇಷಣಿ ಅದನ್ನು ಗುರುತಿಸಿದ್ದರಿಂದ ಆ ಹೆಸರು ಬಂತು. ಅಲ್ಲಿ ಜೀವಂತ ಹವಳ ಇರುವುದು 1978ರಲ್ಲಿ ಪ್ರಕಟವಾಯಿತು.

ನಮಗೂ ಲಕ್ಷದ್ವೀಪಕ್ಕೂ ಏನು ಸಂಬಂಧ? ಅದು ಕೇರಳದ ಕಡೆಯದಲ್ಲವೇ?

ಮಂಗಳೂರಿನ ಹಳೆ ಬಂದರಿಗೆ ಹೋಗಿ ನೋಡಿದರೆ ಉತ್ತರ ಸಿಗುತ್ತದೆ. ಅಕ್ಕಿ, ತರಕಾರಿ, ಸಿಮೆಂಟ್, ಜಲ್ಲಿ, ಹೆಂಚು ತುಂಬಿಕೊಂಡು ದ್ವೀಪಗಳಿಗೆ ಹೊರಡುವ ಮಂಜಿ ಎಂಬ ಸರಕಿನ ದೋಣಿಗಳು ನಿಲ್ಲುವ ಜಾಗ ಅದು. ಅಮಿನಿ, ಕದಮತ್, ಕಿಲ್ತಾನ್, ಚೆತ್ಲತ್, ಬಿತ್ರಾಗಳನ್ನು ಒಳಗೊಂಡ ಅಮಿನ್‌ದೀವಿ ದ್ವೀಪಗಳು 1787ರಲ್ಲಿ ಟಿಪ್ಪು ಸುಲ್ತಾನನ ಆಳ್ವಿಕೆಗೆ, 1799ರ ನಂತರ ಈಸ್ಟ್ ಇಂಡಿಯಾ ಕಂಪನಿಗೆ ಸೇರಿ, 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶವಾಗುವ ತನಕ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ದ್ವೀಪದವರು ಹೊಸೆದ ತೆಂಗಿನ ನಾರಿನ ಹುರಿ ಮಂಗಳೂರಿಗೆ ಬರುತ್ತಿತ್ತು, ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ಆ ದ್ವೀಪಗಳ ನೆಲವೆಂದರೆ ಹವಳದ ಚೂರು ಮತ್ತು ಮರಳು. ಕುಡಿಯುವ ನೀರು ಕೂಡ ಆ ಮರಳಿನೊಳಗೆ, ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುವ ಮಳೆನೀರು. ಹಾಗಾಗಿ ಲಕ್ಷದ್ವೀಪದ ಹವಳದ ಕ್ಷೇಮವನ್ನು ಪರರಾಜ್ಯದ ಸುದ್ದಿಯಂತೆ ಓದುವುದು ನನಗೆ ಸರಿಕಾಣುವುದಿಲ್ಲ.

## ನೋಡಲು ಹೋಗುವವರಿಗೆ

ಕವರತ್ತಿ ದಡದಲ್ಲಿ ಬಿದ್ದಿದ್ದ ಒಂದು ಸತ್ತ ಹವಳದ ತುಂಡು ತಂದರೆ ತಪ್ಪೇನು? ಯಾರೂ ಮುರಿದದ್ದಲ್ಲವಲ್ಲ.

ತರಬಾರದು. ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಚ್ಛೇದಕ್ಕೆ ಸೇರಿಸಲಾಗಿದೆ. ಹುಲಿ, ಆನೆಗಳಿರುವುದೂ ಅದೇ ಪಟ್ಟಿಯಲ್ಲಿ. ಈ ಪಟ್ಟಿಯ ಜೀವಿಗಳ ವಿಷಯದಲ್ಲಿ ತಪ್ಪಿತಸ್ಥರಾದವರಿಗೆ ಕನಿಷ್ಠ 3 ವರ್ಷದ ಸೆರೆವಾಸವಿದೆ. ಕಾನೂನು ಸತ್ತದ್ದು, ಬದುಕಿದ್ದದ್ದು ಎಂದು ಭೇದ ಮಾಡುವುದಿಲ್ಲ. ದಡದ ಆ ಚೂರುಗಳೇ ನಾಳೆ ದ್ವೀಪದ ನೆಲವಾಗುವವು ಎಂಬುದು ಇನ್ನೊಂದು ಕಾರಣ.

ನೇತ್ರಾಣಿಗೆ ಡೈವಿಂಗ್ ಹೋಗುವುದರಿಂದ ಹವಳಕ್ಕೆ ಹಾನಿಯಾಗುತ್ತದೆಯೇ?

ಹೋಗುವ ರೀತಿಯನ್ನು ಅವಲಂಬಿಸಿದೆ. ಮೊದಲ ಸಲ ನಾನು ಅಲ್ಲಿ ನೀರಿಗಿಳಿದಾಗ ಕಿವಿಯ ಒತ್ತಡಕ್ಕೆ ಗಾಬರಿಯಾಗಿ ಕಾಲು ಬಡಿದೆ. ಕಾಲಿಗೆ ಕಟ್ಟಿದ ರೆಕ್ಕೆ ತಗಲಿ ಬೆರಳಷ್ಟುದ್ದದ ಕೊಂಬೆಯೊಂದು ಮುರಿದು ಕೆಳಗಿನ ಮರಳಿಗೆ ನಿಧಾನವಾಗಿ ಇಳಿದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಷ್ಟು ಬೆಳೆಯಲು ಅದಕ್ಕೆ ಒಂದೋ ಎರಡೋ ವರ್ಷ ಹಿಡಿದಿರಬೇಕು. ತೇಲಾಟ ಹತೋಟಿಗೆ ಬರುವ ತನಕ ಬಂಡೆಯಿಂದ ದೂರವಿರಬೇಕು, ಏನನ್ನೂ ಹಿಡಿದುಕೊಳ್ಳಬಾರದು, ಬೋಟು ಹವಳದ ಮೇಲೆ ಲಂಗರು ಹಾಕದಂತೆ ಮೊದಲೇ ಕೇಳಿ ಖಚಿತಪಡಿಸಿಕೊಳ್ಳಬೇಕು. ಒಂದು ಲಂಗರು ಎಳೆಯುವ ಗೀರಿನ ಮುಂದೆ ಹತ್ತು ಜನರ ಕಾಲು ಏನೂ ಅಲ್ಲ.

ಸನ್‌ಸ್ಕ್ರೀನ್ ಬಗ್ಗೆಯೂ ಕೇಳುತ್ತಾರೆ. ಆಕ್ಸಿಬೆಂಜೋನ್ ಇರುವ ಲೇಪಗಳ ಮಾರಾಟವನ್ನು ಹವಾಯಿ 2021ರಿಂದ ನಿಲ್ಲಿಸಿದೆ. ತುಂಬುತೋಳಿನ ಅಂಗಿ ತೊಟ್ಟು ಈಜಿದರೆ ಈ ಚರ್ಚೆಯೇ ಬೇಡ.

## ದಿಬ್ಬದ ಬದುಕು

ತಿಳಿನೀರಿನಲ್ಲಿ ಪೋಷಕಾಂಶವೇ ಇಲ್ಲ ಎನ್ನುತ್ತೀರಿ. ಹಾಗಿದ್ದರೆ ಅಷ್ಟೊಂದು ಜೀವಿಗಳು ಏನು ತಿಂದು ಬದುಕುತ್ತವೆ?

ಬಹಳ ಒಳ್ಳೆಯ ಪ್ರಶ್ನೆ, ಚಾರ್ಲ್ಸ್ ಡಾರ್ವಿನ್ನನ ಹೆಸರಿನಲ್ಲೇ ಗುರುತಾದ ಒಗಟು ಇದು. ಹವಳದ ದಿಬ್ಬಗಳು ಸಮುದ್ರತಳದ ಶೇಕಡಾ ಒಂದರ ಕಾಲುಭಾಗವನ್ನೂ ಆವರಿಸಿಲ್ಲ, ಆದರೆ ಕಡಲ ಜೀವಿ ಪ್ರಭೇದಗಳಲ್ಲಿ ಸುಮಾರು ಕಾಲುಭಾಗ ಬದುಕಿನ ಯಾವುದಾದರೊಂದು ಹಂತದಲ್ಲಿ ಅವುಗಳನ್ನು ನೆಚ್ಚಿಕೊಂಡಿವೆ. ಸುತ್ತಲಿನ ನೀಲಿನೀರು ಮಾತ್ರ ಹೆಚ್ಚುಕಡಿಮೆ ಮರುಭೂಮಿ.

ಗುಟ್ಟು ಇರುವುದು ಏನನ್ನೂ ಪೋಲು ಮಾಡದ ಸಂಸಾರದಲ್ಲಿ. ಪಾಲಿಪ್ಪಿನ ಅಂಗಾಂಶದ ಒಂದು ಚದರ ಸೆಂಟಿಮೀಟರಿನಲ್ಲಿ ಹತ್ತು ಲಕ್ಷದಷ್ಟು ಪಾಚಿ ಕೋಶಗಳಿರುತ್ತವೆ. ಹವಳ ವಿಸರ್ಜಿಸುವ ಸಾರಜನಕ, ರಂಜಕ, ಇಂಗಾಲದ ಡೈಆಕ್ಸೈಡ್ ನೀರಿಗೆ ಸೇರುವ ಮೊದಲೇ ಪಾಚಿಗೆ ಗೊಬ್ಬರವಾಗುತ್ತದೆ. ಪಾಚಿ ಮಾಡಿದ ಸಕ್ಕರೆ ಹವಳದ ಶಕ್ತಿಯ ಅಗತ್ಯದಲ್ಲಿ ಶೇ 90ರವರೆಗೆ ಪೂರೈಸುತ್ತದೆ. ರಾತ್ರಿ ಎಳೆಗಳನ್ನು ಚಾಚಿ ಹಿಡಿಯುವ ಸೂಕ್ಷ್ಮ ಪ್ರಾಣಿಗಳಿಂದ ಉಳಿದ ಕೊರತೆ ತುಂಬುತ್ತದೆ. ಹವಳ ಸ್ರವಿಸುವ ಲೋಳೆಯೂ ದಂಡವಾಗುವುದಿಲ್ಲ: ನೀರಿನಲ್ಲಿ ಕರಗಿದ ಸಾವಯವ ವಸ್ತುವನ್ನು ಸ್ಪಂಜುಗಳು ಹೀರಿಕೊಂಡು, ತಮ್ಮ ಹಳೆಯ ಕೋಶಗಳನ್ನು ಕಣಗಳಾಗಿ ಉದುರಿಸುತ್ತವೆ, ಅದನ್ನು ಹುಳ, ಏಡಿ, ಬಸವನಹುಳುಗಳು ತಿನ್ನುತ್ತವೆ, ಅವುಗಳನ್ನು ಮೀನು ತಿನ್ನುತ್ತದೆ. ಬಡ ಮನೆಯ ಅಡುಗೆಮನೆಯಲ್ಲಿ ಗಂಜಿ ತೆಳಿಯನ್ನೂ ಚೆಲ್ಲದಂತೆ ನಡೆಯುವ ಲೆಕ್ಕ ಇದು. ಇಂಥ ನೀರಿಗೆ ಕೊಳಚೆಯ ರೂಪದಲ್ಲಿ ಪೋಷಕಾಂಶ ಸುರಿದರೆ ಹವಳ ಶ್ರೀಮಂತವಾಗುವುದಿಲ್ಲ. ಅದರ ಮೇಲೆ ದೊಡ್ಡ ಪಾಚಿಗಳು ಹಬ್ಬಿ ಅದನ್ನು ಮುಚ್ಚಿಬಿಡುತ್ತವೆ.

ಲಕ್ಷದ್ವೀಪದ ದ್ವೀಪಗಳು ಬಳೆಯ ಹಾಗೆ ಏಕಿವೆ?

ಅಟಾಲ್ ಎನ್ನುವ ಈ ಆಕಾರಕ್ಕೆ ಡಾರ್ವಿನ್ 1842ರಲ್ಲಿ ಕೊಟ್ಟ ವಿವರಣೆ ಇಂದಿಗೂ ಮೂಲದಲ್ಲಿ ನಿಂತಿದೆ. ಕಡಲಿನಿಂದ ಎದ್ದ ಜ್ವಾಲಾಮುಖಿಯ ಸುತ್ತ ಮೊದಲು ದಡಕ್ಕೆ ಅಂಟಿದ ಹವಳ ಬೆಳೆಯುತ್ತದೆ. ಜ್ವಾಲಾಮುಖಿ ನಿಧಾನವಾಗಿ ಕುಸಿಯುತ್ತ ಹೋದಂತೆ ಹವಳ ಬೆಳಕಿಗಾಗಿ ಮೇಲಕ್ಕೆ ಕಟ್ಟುತ್ತ ಹೋಗುತ್ತದೆ, ನಡುವೆ ನೀರಿನ ಪಟ್ಟಿ ಮೂಡುತ್ತದೆ, ಕೊನೆಗೆ ಬೆಟ್ಟ ಪೂರ್ತಿ ಮುಳುಗಿ ಹವಳದ ಬಳೆ ಮತ್ತು ಅದರೊಳಗೆ ಲಗೂನ್ ಎಂಬ ಆಳವಿಲ್ಲದ ನೀರಿನ ಕೊಳ ಉಳಿಯುತ್ತವೆ. 1952ರಲ್ಲಿ ಪೆಸಿಫಿಕ್‌ನ ಎನಿವೆಟಾಕ್ ಅಟಾಲಿನಲ್ಲಿ ಕೊರೆದಾಗ ಸಾವಿರದ ಮುನ್ನೂರು ಮೀಟರಿಗೂ ಹೆಚ್ಚು ಹವಳದ ಸುಣ್ಣದ ಕೆಳಗೆ ಜ್ವಾಲಾಮುಖಿಯ ಕಪ್ಪು ಕಲ್ಲು ಸಿಕ್ಕಿತು. ಡಾರ್ವಿನ್ ಆಗ ಸತ್ತು 70 ವರ್ಷವಾಗಿತ್ತು.

ಅಲ್ಲಿಯ ಬಿಳಿ ಮರಳು ಮೀನಿನ ಹಿಕ್ಕೆ ಎನ್ನುವುದು ನಿಜವೇ, ತಮಾಷೆಯೇ?

ಬಹುಪಾಲು ನಿಜ. ಗಿಣಿಮೀನು ತನ್ನ ಕೊಕ್ಕಿನಂಥ ಹಲ್ಲಿನಿಂದ ಸತ್ತ ಹವಳದ ಮೇಲಿನ ಪಾಚಿಯನ್ನು ಕೆರೆದು ತಿನ್ನುವಾಗ ಸುಣ್ಣವನ್ನೂ ನುಂಗಿ, ಗಂಟಲಿನ ಹಲ್ಲುಗಳಲ್ಲಿ ಅರೆದು, ನಯವಾದ ಮರಳಾಗಿ ಹೊರಹಾಕುತ್ತದೆ. ದೊಡ್ಡ ಜಾತಿಯ ಒಂದೇ ಮೀನು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡಬಲ್ಲದು. ನೀರಿನೊಳಗೆ ಕಿವಿಗೊಟ್ಟರೆ ಅದು ಕಡಿಯುವ ಸದ್ದು, ಯಾರೋ ಪಕ್ಕದಲ್ಲಿ ಕುಳಿತು ಚಕ್ಕುಲಿ ಮುರಿದು ತಿಂದಂತೆ ಕೇಳಿಸುತ್ತದೆ. ಈ ಮೀನನ್ನು ಹಿಡಿದು ಮುಗಿಸಿದ ಕಡೆ ಪಾಚಿಯನ್ನು ಕೆರೆದು ಹೊಸ ಹವಳಕ್ಕೆ ಜಾಗ ಮಾಡಿಕೊಡುವವರಿಲ್ಲದಂತಾಗುತ್ತದೆ.

ಕದಲದ ಹವಳ ಮರಿ ಮಾಡುವುದು ಹೇಗೆ?

ಎರಡು ಬಗೆಯಲ್ಲಿ. ಮೊಗ್ಗಿನಂತೆ ಒಡೆದು ಪಕ್ಕದಲ್ಲೇ ಇನ್ನೊಂದಾಗುವುದು ದಿನನಿತ್ಯದ ಬಗೆ. ವರ್ಷದಲ್ಲಿ ಕೆಲವೇ ರಾತ್ರಿಗಳಲ್ಲಿ, ಹಲವೆಡೆ ಹುಣ್ಣಿಮೆ ಕಳೆದ ಮೇಲೆ, ಅನೇಕ ಜಾತಿಯ ಹವಳಗಳು ಒಟ್ಟಿಗೇ ಅಂಡ ಮತ್ತು ವೀರ್ಯದ ಗುಲಾಬಿ ಮಣಿಗಳನ್ನು ನೀರಿಗೆ ಬಿಡುವುದು ಇನ್ನೊಂದು. ಹುಟ್ಟಿದ ಲಾರ್ವಗಳು ದಿನಗಟ್ಟಲೆ ತೇಲಿ ಗಟ್ಟಿ ನೆಲ ಸಿಕ್ಕಿದಲ್ಲಿ ಕೂರುತ್ತವೆ. ದೂರದ ದಿಬ್ಬಗಳ ನಡುವೆ ನೆಂಟಸ್ತಿಕೆ ಬೆಳೆಯುವುದು ಹೀಗೆ.

## ಮೀನು ಮತ್ತು ದಡ

ಹವಳ ನಾಶವಾದರೆ ನಮಗೆ ಬಂಗುಡೆ ಸಿಗುವುದಿಲ್ಲವೇ?

ಬಂಗುಡೆ, ಬೂತಾಯಿ ಹವಳವನ್ನು ನಂಬಿ ಬದುಕುವ ಮೀನುಗಳಲ್ಲ. ಸಂರಕ್ಷಣೆಯ ಉತ್ಸಾಹದಲ್ಲಿ ಕೆಲವರು ಹಾಗೆ ಹೇಳುತ್ತಾರೆ, ಬೋಟಿನವರು ಅದನ್ನು ಕೇಳಿ ನಗುತ್ತಾರೆ, ಆಮೇಲೆ ಹೇಳಿದ ನಿಜವನ್ನೂ ನಂಬುವುದಿಲ್ಲ. ಹವಳ ಮತ್ತು ಬಂಡೆಯ ಆಸರೆಯನ್ನು ನೆಚ್ಚಿದವು ಮುರು ಮೀನಿನಂಥವು. ಇನ್ನು ಲಕ್ಷದ್ವೀಪದ ಕೇದರದ, ಅಂದರೆ ಟ್ಯೂನಾದ, ಕತೆ ಬೇರೆಯೇ. ಕೇದರ ತೆರೆದ ಕಡಲಿನಲ್ಲಿ ಓಡಾಡುವ ಮೀನು. ಆದರೆ ಅಲ್ಲಿಯವರು ಅದನ್ನು ಕೋಲುಗಾಳದಲ್ಲಿ ಹಿಡಿಯುವಾಗ ಮೊದಲು ಜೀವಂತ ಪುಟ್ಟ ಮೀನುಗಳನ್ನು ನೀರಿಗೆ ಎಸೆದು ಹಿಂಡನ್ನು ಬೋಟಿನ ಹತ್ತಿರ ತರುತ್ತಾರೆ, ಆ ಪುಟ್ಟ ಮೀನುಗಳು ಸಿಗುವುದು ಲಗೂನಿನಲ್ಲಿ, ಹವಳದ ಸಂದಿಯಲ್ಲಿ. ಹವಳ ಸೊರಗಿದರೆ ಎರೆ ಸಿಗುವುದಿಲ್ಲ, ಎರೆ ಇಲ್ಲದೆ ಆ ಕಸುಬು ನಡೆಯುವುದಿಲ್ಲ.

ಉಳ್ಳಾಲ, ಸೋಮೇಶ್ವರದಲ್ಲಿ ಕಡಲ್ಕೊರೆತಕ್ಕೆ ಕಲ್ಲು ಹಾಕುವ ಬದಲು ಹವಳ ನೆಡಬಹುದಲ್ಲ?

ಯೋಚನೆಯ ಹಿಂದಿನ ತರ್ಕ ಸರಿ. ಆರೋಗ್ಯವಾಗಿರುವ ದಿಬ್ಬವು ತೆರೆಯ ಶಕ್ತಿಯಲ್ಲಿ ಸರಾಸರಿ ಶೇ 97ರಷ್ಟನ್ನು ತಾನೇ ಹೀರಿಕೊಳ್ಳುತ್ತದೆ ಎಂದು ಹಲವು ದೇಶಗಳ ಅಳತೆಗಳನ್ನು ಒಟ್ಟುಗೂಡಿಸಿದ 2014ರ ಅಧ್ಯಯನವೊಂದು ತೋರಿಸಿದೆ. ತೆರೆ ದಿಬ್ಬದ ಅಂಚಿಗೆ ಬಂದು ಮುರಿಯುತ್ತದೆ, ಒಳಗಿನ ಲಗೂನು ಕೆರೆಯಂತೆ ಇರುತ್ತದೆ. ಆದರೆ ಉಳ್ಳಾಲದ ಎದುರು ನೇತ್ರಾವತಿಯ ಕೆಸರು ಬೀಳುವ ಜಾಗದಲ್ಲಿ ಹವಳ ನೆಟ್ಟರೆ ಒಂದು ಮಳೆಗಾಲವನ್ನೂ ಅದು ದಾಟುವುದಿಲ್ಲ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಅಲ್ಲಿ ಕಡಲೊಳಗೆ ನಿರ್ಮಿಸಿದ ಮುಳುಗುದಿಬ್ಬಗಳು ಹವಳದ ಕೆಲಸವನ್ನು ಅನುಕರಿಸುವ ಪ್ರಯತ್ನ. ಒಂದೇ ವ್ಯತ್ಯಾಸ, ಹವಳದ ದಿಬ್ಬ ಸವೆದದ್ದನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ.

ಇದ್ದ ದಿಬ್ಬವನ್ನು ತೆಗೆದರೆ ಏನಾಗುತ್ತದೆ ಎನ್ನುವುದನ್ನು ಮನ್ನಾರ್ ಕೊಲ್ಲಿಯಲ್ಲಿ ನೋಡಬಹುದು. ಸುಣ್ಣಕ್ಕಾಗಿ, ಕಟ್ಟಡಕ್ಕಾಗಿ ದಶಕಗಳ ಕಾಲ ಹವಳ ಅಗೆದ ಪರಿಣಾಮವಾಗಿ ಅಲ್ಲಿಯ 21 ದ್ವೀಪಗಳಲ್ಲಿ 2 ನೀರಿನಡಿ ಹೋಗಿವೆ.

## ಆಪತ್ತು, ಪರಿಹಾರ, ವಿವಾದ

ಹವಳ ಬಿಳಿಚುವುದು ಎಂದರೆ ಸತ್ತಂತೆಯೇ? ಒಂದು ಡಿಗ್ರಿ ಬಿಸಿಗೆ ಅಷ್ಟೊಂದು ಆಗುತ್ತದೆಯೇ?

ಬಿಳಿಚಿದ ಹವಳ ಸತ್ತಿಲ್ಲ, ಉಪವಾಸ ಬಿದ್ದಿದೆ. ನೀರು ಮಿತಿ ಮೀರಿ ಕಾದಾಗ ಒಳಗಿನ ಪಾಚಿ ಬಿಸಿಲನ್ನು ನಿಭಾಯಿಸಲಾರದೆ ವಿಷಕಾರಿ ಆಮ್ಲಜನಕ ರೂಪಗಳನ್ನು ಉತ್ಪಾದಿಸತೊಡಗುತ್ತದೆ, ಹವಳ ಆ ಪಾಚಿಯನ್ನೇ ಹೊರಗಟ್ಟುತ್ತದೆ. ಹವಳದ ಬಣ್ಣ ಬಹುಮಟ್ಟಿಗೆ ಪಾಚಿಯದ್ದೇ ಆದ್ದರಿಂದ ಪಾರದರ್ಶಕ ಮೈಯ ಮೂಲಕ ಸುಣ್ಣದ ಗೂಡು ಬೆಳ್ಳಗೆ ಕಾಣುತ್ತದೆ. ಕೆಲವು ವಾರಗಳಲ್ಲಿ ನೀರು ತಣಿದರೆ ಪಾಚಿ ಮರಳಿ ಸೇರಿಕೊಂಡು ಹವಳ ಚೇತರಿಸಿಕೊಳ್ಳುತ್ತದೆ, ಇಲ್ಲವಾದರೆ ಸಾಯುತ್ತದೆ. ಆ ಜಾಗದ ಅತಿ ಬಿಸಿಯ ತಿಂಗಳಿನ ಸರಾಸರಿಗಿಂತ ಕೇವಲ 1 ಡಿಗ್ರಿ ಹೆಚ್ಚು ಬಿಸಿ 4 ವಾರ ನಿಂತರೆ ಬಿಳಿಚುವಿಕೆ ಆರಂಭವಾಗುತ್ತದೆ. 8 ವಾರ ನಿಂತರೆ ವ್ಯಾಪಕ ಸಾವು ನಿರೀಕ್ಷಿತ. ಗಾಳಿಯ ಉಷ್ಣಾಂಶದಲ್ಲಿ ಒಂದು ಡಿಗ್ರಿ ನಮಗೆ ಗೊತ್ತೇ ಆಗುವುದಿಲ್ಲ. ಇದನ್ನು ಮನುಷ್ಯನ ಜ್ವರದ ಒಂದು ಡಿಗ್ರಿಯಂತೆ ನೋಡಬೇಕು.

ಅರಬ್ಬಿ ಸಮುದ್ರದ ಮೇಲ್ನೀರು ಅತಿ ಹೆಚ್ಚು ಕಾಯುವುದು ಏಪ್ರಿಲ್, ಮೇ ತಿಂಗಳಲ್ಲಿ. ಮುಂಗಾರಿನ ಗಾಳಿ ಮತ್ತು ಮೋಡ ಬಂದರೆ ನೀರು ತಣಿಯುತ್ತದೆ. ಹಾಗಾಗಿ ಮಂಗಳೂರಿನಲ್ಲಿ ನಾವು ಸೆಕೆ ತಾಳಲಾರದೆ ಮಳೆಗೆ ಕಾಯುವ ದಿನಗಳಲ್ಲೇ ಲಕ್ಷದ್ವೀಪದ ಹವಳವೂ ಅದೇ ಮೋಡಕ್ಕೆ ಕಾದಿರುತ್ತದೆ.

ಲಕ್ಷದ್ವೀಪದಲ್ಲಿ ನಿಜವಾಗಿ ಎಷ್ಟು ಹೋಗಿದೆ?

1998, 2010, 2016 ಮತ್ತು 2024ರಲ್ಲಿ ಅಲ್ಲಿ ದೊಡ್ಡ ಬಿಳಿಚುವಿಕೆಗಳಾದವು. ಅಗತ್ತಿ, ಕದಮತ್, ಕವರತ್ತಿಗಳಲ್ಲಿ 24 ವರ್ಷ ನಡೆದ ಅಧ್ಯಯನದ ಪ್ರಕಾರ ಜೀವಂತ ಹವಳದ ಹೊದಿಕೆ 1998ರಲ್ಲಿದ್ದ ಸುಮಾರು ಶೇ 37ರಿಂದ ಶೇ 20ಕ್ಕಿಂತ ಕೆಳಗೆ ಬಂದಿದೆ. ಒಂದೊಂದು ಹೊಡೆತಕ್ಕಿಂತ ಹೊಡೆತಗಳ ನಡುವಿನ ಬಿಡುವು ಕಡಿಮೆಯಾಗಿರುವುದೇ ಹೆಚ್ಚು ಕಳವಳದ್ದು. ಬೇಗ ಬೆಳೆಯುವ ಜಾತಿಗಳು ಚೇತರಿಸಲು ಹತ್ತು ವರ್ಷವಾದರೂ ಬೇಕು. ಜಗತ್ತಿನ ಲೆಕ್ಕದಲ್ಲಿ 1980ರ ಸುಮಾರಿಗೆ 25-30 ವರ್ಷಕ್ಕೊಮ್ಮೆ ಬರುತ್ತಿದ್ದ ತೀವ್ರ ಬಿಳಿಚುವಿಕೆ ಈಗ ಸುಮಾರು 6 ವರ್ಷಕ್ಕೊಮ್ಮೆ ಬರುತ್ತಿದೆ. ತಾಪಮಾನದ ಏರಿಕೆ 1.5 ಡಿಗ್ರಿಗೆ ತಲುಪಿದರೆ ಶೇ 70ರಿಂದ 90ರಷ್ಟು, 2 ಡಿಗ್ರಿಯಾದರೆ ಶೇ 99ಕ್ಕಿಂತ ಹೆಚ್ಚು ಹವಳದ ದಿಬ್ಬಗಳು ಕುಸಿಯಬಹುದೆಂದು ಹವಾಮಾನ ಬದಲಾವಣೆಯ ಅಂತರ್‌ಸರ್ಕಾರಿ ಸಮಿತಿ ಅಂದಾಜಿಸಿದೆ.

ಕಡಲು ಹುಳಿಯಾಗುತ್ತಿದೆ ಎನ್ನುತ್ತಾರೆ. ಉಪ್ಪುನೀರು ಹುಳಿಯಾಗುವುದು ಎಂದರೇನು?

ಕಡಲು ಈಗಲೂ ಕ್ಷಾರೀಯವೇ. ಅದರ ಪಿಎಚ್, ಅಂದರೆ ಹುಳಿ ಹೆಚ್ಚಿದಂತೆ ಇಳಿಯುವ ಅಳತೆ, ಕೈಗಾರಿಕಾ ಯುಗಕ್ಕೆ ಮೊದಲಿದ್ದ 8.2ರಿಂದ ಸುಮಾರು 8.1ಕ್ಕೆ ಇಳಿದಿದೆ. ಅಂಕೆ ಸಣ್ಣದು, ಆದರೆ ಪಿಎಚ್ ಅಳತೆಯ ಕ್ರಮದಿಂದಾಗಿ ಅದರ ಅರ್ಥ ಆಮ್ಲೀಯತೆ ಕಾಲುಭಾಗಕ್ಕೂ ಹೆಚ್ಚಿದೆ ಎಂದು. ಗಾಳಿಯ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿದಾಗ ಹವಳಕ್ಕೆ ಬೇಕಾದ ಕಾರ್ಬೊನೇಟ್ ಅಯಾನು ಕಡಿಮೆಯಾಗುತ್ತದೆ, ಗೂಡು ಕಟ್ಟಲು ಹೆಚ್ಚು ಶಕ್ತಿ ಖರ್ಚಾಗುತ್ತದೆ. ಮರುವಾಯಿಗೂ ಇದೇ ತೊಂದರೆ.

ಹವಳವನ್ನು ಸಾಕಿ ನೆಡುತ್ತಾರಂತೆ, ಸಿಮೆಂಟಿನ ಬಂಡೆ ಇಳಿಸುತ್ತಾರಂತೆ. ಸಮಸ್ಯೆ ಮುಗಿಯಿತಲ್ಲ?

ಎರಡೂ ಬೇರೆ ಬೇರೆ ಕೆಲಸಗಳು. ಹವಳದ ತುಂಡುಗಳನ್ನು ಚೌಕಟ್ಟಿಗೆ ಕಟ್ಟಿ ಬೆಳೆಸುವುದು ಮನ್ನಾರ್ ಕೊಲ್ಲಿಯಲ್ಲೂ ಕಛ್ ಕೊಲ್ಲಿಯಲ್ಲೂ ನಡೆದಿದೆ. 2020ರಲ್ಲಿ ಗುಜರಾತಿನ ಮಿಠಾಪುರದ ಬಳಿ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆ ಸಣ್ಣ ವಿದ್ಯುತ್ ಹರಿಸಿ ಲೋಹದ ಚೌಕಟ್ಟಿನ ಮೇಲೆ ಸುಣ್ಣ ಕೂರಿಸುವ ವಿಧಾನವನ್ನೂ ಪ್ರಯೋಗಿಸಿತು. ಒಂದು ಮೂಲೆಯ ದಿಬ್ಬವನ್ನು ಎತ್ತಿ ನಿಲ್ಲಿಸಲು ಇದು ಆಗಬಹುದು. ಆದರೆ ಕಾದ ನೀರಿಗೆ ಕೈಯಿಂದ ನೆಟ್ಟ ಹವಳ, ತಾನಾಗಿ ಬೆಳೆದ ಹವಳ ಎಂಬ ಭೇದ ಗೊತ್ತಿಲ್ಲ.

ನಮ್ಮ ಕರಾವಳಿಯಲ್ಲಿ ಮೀನುಗಾರಿಕೆಯ ಯೋಜನೆಗಳಡಿ ಇಳಿಸುವ ಸಿಮೆಂಟಿನ ಕೃತಕ ಬಂಡೆಗಳ ಮೇಲೆ ಹವಳ ಬೆಳೆಯಲಿ ಎಂಬ ಗುರಿಯೇ ಇಲ್ಲ. ಅವು ಮೀನಿಗೆ ಆಸರೆ ಕೊಡುತ್ತವೆ, ಎಳೆಯುವ ಬಲೆಗಳನ್ನು ದೂರವಿಡುತ್ತವೆ. ಅವುಗಳಿಂದ ಮೀನು ಹೆಚ್ಚುತ್ತದೆಯೋ, ಚದುರಿದ್ದ ಮೀನು ಒಂದೆಡೆ ಸೇರಿ ಹಿಡಿಯಲು ಸುಲಭವಾಗುತ್ತದೆಯೋ ಎಂಬ ವಾದ ತಜ್ಞರ ನಡುವೆ ದಶಕಗಳಿಂದ ನಡೆದಿದೆ. ಬಂಡೆಯ ಸುತ್ತ ಹಿಡಿಯುವುದಕ್ಕೆ ಮಿತಿ ಹಾಕದಿದ್ದರೆ ಎರಡನೆಯದೇ ನಿಜವಾಗುತ್ತದೆ ಎನ್ನುವುದು ನನ್ನ ಅಭಿಪ್ರಾಯ.

ಆಳದ ಹವಳ ಬಿಸಿಯಿಂದ ತಪ್ಪಿಸಿಕೊಂಡು ಮೇಲಿನದ್ದನ್ನು ಮತ್ತೆ ತುಂಬಬಲ್ಲುದೇ? ಗವೇಷಣಿ ಬ್ಯಾಂಕ್ ಅಂಥದ್ದೇ ಅಲ್ಲವೇ?

ಸುಮಾರು 30 ಮೀಟರಿನಿಂದ ಕೆಳಗಿನ ಮಬ್ಬು ಬೆಳಕಿನ ಹವಳಗಳು ಮೇಲ್ನೀರಿನ ಬಿಸಿಗೂ ತೂಫಾನಿನ ತೆರೆಗೂ ಅಷ್ಟಾಗಿ ಸಿಗುವುದಿಲ್ಲ. ಆದ್ದರಿಂದ ಅವು ಬಿತ್ತನೆಯ ಕಣಜದಂತೆ ಉಳಿದು ಮೇಲಿನ ದಿಬ್ಬಗಳಿಗೆ ಲಾರ್ವ ಕಳುಹಿಸಬಹುದೆಂಬ ಆಸೆ ವಿಜ್ಞಾನಿಗಳಲ್ಲಿ ಬಲವಾಗಿತ್ತು. ಈಚಿನ ಅಧ್ಯಯನಗಳು ಅದನ್ನು ಸ್ವಲ್ಪ ತಗ್ಗಿಸಿವೆ. ಆಳದಲ್ಲಿರುವ ಜಾತಿಗಳು ಬಹಳ ಮಟ್ಟಿಗೆ ಬೇರೆಯವೇ, ಎರಡೂ ಕಡೆ ಇರುವ ಜಾತಿಯಲ್ಲೂ ಆಳದ ಸಂತತಿ ಮೇಲೆ ಬಂದು ಬೆಳೆಯುವುದು ಅಪರೂಪ, ಮತ್ತು ತೀವ್ರ ವರ್ಷಗಳಲ್ಲಿ ಬಿಸಿ ಆಳಕ್ಕೂ ಇಳಿಯುತ್ತದೆ. ಗವೇಷಣಿ ಬ್ಯಾಂಕಿನ ನೆತ್ತಿ ನಲವತ್ತು ಮೀಟರಿನ ಆಸುಪಾಸಿನಲ್ಲಿದೆ. ಮಹಾರಾಷ್ಟ್ರದ ಎದುರಿನ ಆಂಗ್ರಿಯಾ ಬ್ಯಾಂಕ್ ಕೂಡ ದಡದಿಂದ ನೂರು ಕಿಲೋಮೀಟರಿಗೂ ಆಚೆಗಿನ ಇಂಥ ಮುಳುಗಿದ ದಿಬ್ಬ. ಇವು ಲಕ್ಷದ್ವೀಪಕ್ಕೆ ಬೀಜ ಕೊಡಲಿ ಬಿಡಲಿ, ತಾವಾಗಿಯೇ ಉಳಿಸಿಕೊಳ್ಳತಕ್ಕ ಜಾಗಗಳು. ಅವುಗಳಿಗೆ ಬಿಸಿಗಿಂತ ಹತ್ತಿರದ ಅಪಾಯವೆಂದರೆ ತಳ ಕೆರೆಯುವ ಟ್ರಾಲ್ ಬಲೆ. ಬಲೆಯನ್ನು ಹರಿದುಹಾಕುವ ಪಾದೆ, ಅಂದರೆ ಬಂಡೆ, ಎಲ್ಲಿದೆ ಎನ್ನುವುದು ಆಳಸಮುದ್ರಕ್ಕೆ ಹೋಗುವ ಬೋಟಿನವರಿಗೆ ಬಾಯಿಪಾಠವಿರುತ್ತದೆ, ಆ ತಿಳಿವಳಿಕೆ ಹೆಚ್ಚಾಗಿ ಕಾಗದಕ್ಕೆ ಇಳಿದಿಲ್ಲ. ಬಲೆಯಲ್ಲಿ ಮೈ ಲೋಳೆಯಾಗಿರುವ, ಕಂದು ಅಥವಾ ಹಸುರು ಬಣ್ಣದ ಜೀವಂತ ಹವಳದ ತುಂಡು ಬಂದರೆ ಅದರ ಫೋಟೊ ತೆಗೆದು, ಜಿಪಿಎಸ್‌ನಲ್ಲಿ ಕಾಣುವ ಸ್ಥಾನ ಮತ್ತು ಆಳವನ್ನು ಬರೆದಿಟ್ಟುಕೊಂಡು, ತುಂಡನ್ನು ಅಲ್ಲೇ ನೀರಿಗೆ ಬಿಡಿ. ದಡಕ್ಕೆ ಬಂದ ಮೇಲೆ ಮಂಗಳೂರಿನ ಮೀನುಗಾರಿಕಾ ಕಾಲೇಜಿಗೋ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಮಂಗಳೂರು ಕೇಂದ್ರಕ್ಕೋ ಆ ಚೀಟಿಯನ್ನು ತಲುಪಿಸಿ.